ಕೆಂಡಕ್ಕೆ ಅಳೆದು ಕೊಟ್ಟ ಗಾಳಿ

ದನದ ಎದೆಯ ಮಾಂಸ ಸುಲಭಕ್ಕೆ ಬೇಯುವಂಥದ್ದಲ್ಲ. ನಿಂತ ಪ್ರಾಣಿಯ ಭಾರವನ್ನು ಹಗಲಿರುಳು ಹೊರುವ ಸ್ನಾಯುಗಳವು. ಅವುಗಳ ಎಳೆಗಳನ್ನು ಕಟ್ಟಿ ಹಿಡಿಯುವ ಕೊಲಾಜನ್ ಎಂಬ ಪ್ರೋಟೀನು ಅಲ್ಲಿ ದಟ್ಟವಾಗಿರುತ್ತದೆ. ಅಮೆರಿಕದ ಟೆಕ್ಸಸ್‌ನವರು ಬ್ರಿಸ್ಕೆಟ್ ಎಂದು ಕರೆದು ತಮ್ಮ ಸೀಮೆಯ ಹೆಮ್ಮೆ ಮಾಡಿಕೊಂಡಿರುವುದು ಇದೇ ಮಾಂಸವನ್ನು. ಜೋರು ಉರಿಯ ಮೇಲೆ ಬೇಗ ಸುಟ್ಟರೆ ಇದನ್ನು ಅಗಿಯುವುದೇ ಕಷ್ಟ. ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕೊಲಾಜನ್ ನಿಧಾನವಾಗಿ ಸಡಿಲಗೊಂಡು ಜೆಲಟಿನ್ ಆಗುತ್ತದೆ, ಆ ಕೆಲಸ ಮುಗಿಯಲು ಗಂಟೆಗಟ್ಟಲೆ ಹೊತ್ತು ಬೇಕು. ಹಾಗಾಗಿ ಐದಾರು ಕಿಲೋ ತೂಗುವ ಇಡೀ ತುಂಡನ್ನು ಮುಚ್ಚಳವಿರುವ ಒಲೆಯೊಳಗೆ, ಉರಿ ನೇರವಾಗಿ ತಾಗದಂತೆ, 107ರಿಂದ 120 ಡಿಗ್ರಿಯ ಬಿಸಿಗಾಳಿಯಲ್ಲಿ ಹನ್ನೆರಡು ಗಂಟೆಯೋ ಇನ್ನೂ ಹೆಚ್ಚೋ ಇಡುತ್ತಾರೆ. ಒಳಗಿನ ಶಾಖ 90–95 ಡಿಗ್ರಿಗೆ ಮುಟ್ಟುವ ಹೊತ್ತಿಗೆ ಅದು ಫೋರ್ಕು ಚುಚ್ಚಿದರೆ ಸರಾಗ ಇಳಿಯುವಷ್ಟು ಮೆತ್ತಗಾಗಿರುತ್ತದೆ. ಟೆಕ್ಸಸ್‌ನ ಹೆಸರಾಂತ ಅಂಗಡಿಗಳು ಇದಕ್ಕೆ ಓಕ್ ಸೌದೆ ಉರಿಸುತ್ತವೆ, ಕಾಯಲು ಆಳುಗಳಿರುತ್ತಾರೆ. ಮನೆಯ ಹಿತ್ತಲಲ್ಲಿ ಮಾಡುವವರು ಹೆಚ್ಚಾಗಿ ಇದ್ದಿಲನ್ನೇ ನಂಬುತ್ತಾರೆ. ಅವರ ಕಷ್ಟವಿರುವುದು ಮಸಾಲೆಯಲ್ಲಲ್ಲ, ಬೆಂಕಿಯಲ್ಲಿ. ಸಂಜೆ ಹೊತ್ತಿಸಿದ ಇದ್ದಿಲು ಬೆಳಗಿನ ತನಕ ಒಂದೇ ಹದದಲ್ಲಿ ಇರಬೇಕು.

ಈ ಕಾವಲಿಗೆ ಈಗ ಅಂಗೈಯಗಲದ ಎಲೆಕ್ಟ್ರಾನಿಕ್ ಕಂಟ್ರೋಲರ್‌ಗಳು ಬಂದಿವೆ. ಬಿಬಿಕ್ಯೂ ಗುರು, ಫ್ಲೇಮ್ ಬಾಸ್, ಫೈರ್‌ಬೋರ್ಡ್ ಮುಂತಾದ ಕಂಪನಿಗಳು ಅವನ್ನು ಮಾರುತ್ತವೆ. ಹೀಟರ್‌ಮೀಟರ್ ಎಂಬ ಮುಕ್ತ ವಿನ್ಯಾಸವೊಂದೂ ಇದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಒಂದು ಮೈಕ್ರೋಕಂಟ್ರೋಲರ್ ಜೋಡಿಸಿ ಯಾರು ಬೇಕಾದರೂ ಅದನ್ನು ಕಟ್ಟಿಕೊಳ್ಳಬಹುದು. ಹೆಸರು ಯಾವುದಾದರೂ ಅಂಗಗಳು ಮೂರೇ. ಮಾಂಸವಿಡುವ ಜಾಲರಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದ ಪ್ರೋಬ್ ಒಲೆಯೊಳಗಿನ ಶಾಖ ಓದುತ್ತದೆ. ಪೆಟ್ಟಿಗೆಯೊಳಗಿನ ಚಿಪ್ ಅದನ್ನು ನಾವು ಕೇಳಿದ ಶಾಖದೊಂದಿಗೆ ಹೋಲಿಸುತ್ತದೆ. ಒಲೆಯ ಕೆಳಗಿನ ಗಾಳಿಕಿಂಡಿಗೆ ಕೂರಿಸಿದ ಪುಟ್ಟ ಫ್ಯಾನ್ ಆ ಚಿಪ್ಪಿನ ಮಾತು ಕೇಳಿ ತಿರುಗುತ್ತದೆ, ನಿಲ್ಲುತ್ತದೆ. ಇಲ್ಲಿ ಶಾಖ ಹುಟ್ಟಿಸುವ ತಂತಿಯಿಲ್ಲ, ತಣಿಸುವ ಯಂತ್ರವೂ ಇಲ್ಲ. ಈ ಉಪಕರಣಕ್ಕೆ ಗೊತ್ತಿರುವ ವಿದ್ಯೆ ಗಾಳಿ ಕೊಡುವುದು, ಕೊಡದಿರುವುದು, ಅಷ್ಟೇ. ಅದರ ಶಕ್ತಿಯೂ ದೌರ್ಬಲ್ಯವೂ ಈ ಒಂದೇ ಸಂಗತಿಯಿಂದ ಹುಟ್ಟುತ್ತವೆ. ಜಾಹೀರಾತುಗಳು ಹೊಗಳುವ ನಿಖರತೆ ಇದರ ದೊಡ್ಡ ಕೊಡುಗೆಯೇ ಅಲ್ಲ ಎಂಬ ತೀರ್ಮಾನಕ್ಕೂ ಇದೇ ದಾರಿಯಲ್ಲಿ ಹೋಗಬೇಕಾಗುತ್ತದೆ.

ಕೆಂಡಕ್ಕೆ ಉರಿಯಲು ಎರಡು ಬೇಕು: ಇಂಗಾಲ ಮತ್ತು ಆಮ್ಲಜನಕ. ಮುಚ್ಚಳ ಹಾಕಿದ ಒಲೆಯಲ್ಲಿ ಇಂಗಾಲ ಕಿಲೋಗಟ್ಟಲೆ ಇರುತ್ತದೆ, ಕೊರತೆ ಬೀಳುವುದು ಆಮ್ಲಜನಕಕ್ಕೆ. ಒಂದು ಗ್ರಾಂ ಇಂಗಾಲ ಪೂರ್ತಿ ಉರಿಯಲು ಸುಮಾರು 2.7 ಗ್ರಾಂ ಆಮ್ಲಜನಕ, ಅಂದರೆ ಒಂಬತ್ತೂವರೆ ಲೀಟರಿನಷ್ಟು ಗಾಳಿ ಬೇಕು. ಆಗ ಬಿಡುಗಡೆಯಾಗುವ ಶಾಖ 33 ಕಿಲೋಜೂಲ್. ಭಾಗಿಸಿ ನೋಡಿದರೆ ಒಳಹೋಗುವ ಪ್ರತಿ ಲೀಟರ್ ಗಾಳಿಗೆ ಸುಮಾರು ಮೂರೂವರೆ ಕಿಲೋಜೂಲ್ ಶಾಖ. ಒಲೆಯೊಳಗೆ ಎಷ್ಟು ಇದ್ದಿಲು ತುಂಬಿದೆ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಕಿಲೋ ಇದ್ದಿಲಿರಲಿ, ಐದು ಕಿಲೋ ಇರಲಿ, ಬಿಟ್ಟ ಗಾಳಿಗೆ ತಕ್ಕಷ್ಟೇ ಉರಿ. ಒಲೆಯ ಗೋಡೆಯಿಂದ ಹೊರಗೆ ಸೋರುವ ಶಾಖ ಒಂದು ಕಿಲೋವ್ಯಾಟ್ ಎಂದುಕೊಂಡರೆ, ಅದನ್ನು ತುಂಬಿಕೊಡಲು ಲೆಕ್ಕದ ಪ್ರಕಾರ ನಿಮಿಷಕ್ಕೆ 18 ಲೀಟರ್ ಗಾಳಿ ಸಾಕು. ಬಳಕೆಯಲ್ಲಿರುವ ಪುಟ್ಟ ಫ್ಯಾನುಗಳ ಮೇಲೆ ಬರೆದಿರುವ ಸಾಮರ್ಥ್ಯ ನಿಮಿಷಕ್ಕೆ ಹತ್ತು ಘನ ಅಡಿ, ಅಂದರೆ ಸುಮಾರು 280 ಲೀಟರ್. ಕೆಂಡದ ರಾಶಿಯ ಅಡ್ಡಿಯಿಂದ ಅದು ಅರ್ಧಕ್ಕಿಳಿದರೂ ಬೇಕಾದದ್ದಕ್ಕಿಂತ ಹಲವು ಪಟ್ಟು ಮಿಗುತ್ತದೆ. ಕೆಲವೇ ವ್ಯಾಟ್ ವಿದ್ಯುತ್ ಕುಡಿಯುವ ಫ್ಯಾನೊಂದು ಅದರ ನೂರಾರು ಪಟ್ಟು ದೊಡ್ಡ ಬೆಂಕಿಯನ್ನು ಆಳುವುದು ಈ ಕಾರಣಕ್ಕೆ. ಕಮ್ಮಾರನ ತಿದಿ ಮಾಡುವ ಕೆಲಸವೂ ಇದೇ. ಕುಲುಮೆಯ ಕೆಂಡದ ಶಕ್ತಿ ತಿದಿಯೊತ್ತುವ ತೋಳಿನಿಂದ ಬರುವುದಿಲ್ಲ, ಆ ತೋಳು ಶಕ್ತಿಯನ್ನು ಬಿಡುಗಡೆ ಮಾಡುತ್ತದೆ ಅಷ್ಟೇ.

ಇದು ಇದ್ದಿಲಿನಲ್ಲಿ ಇಷ್ಟು ಚೆನ್ನಾಗಿ ನಡೆಯುವುದಕ್ಕೂ ಹಸಿ ಸೌದೆಯಲ್ಲಿ, ಒಣ ಸೌದೆಯಲ್ಲಿ ಸಹ, ನಡೆಯದಿರುವುದಕ್ಕೂ ಕಾರಣವಿದೆ. ಇದ್ದಿಲು ಎಂದರೆ ಒಮ್ಮೆ ಗಾಳಿಯಿಲ್ಲದೆ ಕಾಯಿಸಿ ನೀರು, ಟಾರು, ಉರಿಯುವ ಅನಿಲಗಳನ್ನೆಲ್ಲ ಹೊರಗೆ ಓಡಿಸಿದ ಮರ. ಉಳಿದಿರುವುದು ಬಹುಪಾಲು ಇಂಗಾಲ, ಅದು ತನ್ನ ಮೈಮೇಲೆಯೇ ಉರಿಯುತ್ತದೆ. ಗಾಳಿ ಕಡಿಮೆಯಾದರೆ ಕೆಂಡ ಮಂಕಾಗುತ್ತದೆ, ಗಾಳಿ ಬಂದರೆ ಮತ್ತೆ ಕೆಂಪೇರುತ್ತದೆ. ಬೂದಿ ಮುಚ್ಚಿದ ಕೆಂಡ ರಾತ್ರಿಯಿಡೀ ಜೀವ ಹಿಡಿದಿರುವುದೂ ಹೀಗೆಯೇ. ಸೌದೆಗೆ ಈ ತಾಳ್ಮೆಯಿಲ್ಲ. ಉರಿಯುತ್ತಿರುವ ಸೌದೆಗೆ ಗಾಳಿ ತಪ್ಪಿಸಿದರೆ ಅದರ ಒಡಲಿನಿಂದ ಅನಿಲಗಳು ಹೊರಬರುವುದು ನಿಲ್ಲುವುದಿಲ್ಲ, ಉರಿಯದೆ ದಟ್ಟ ಬಿಳಿ ಹೊಗೆಯಾಗಿ ಮಾಂಸದ ಮೇಲೆ ಕೂರುತ್ತವೆ, ನಾಲಿಗೆಗೆ ಕಹಿ ಹತ್ತುತ್ತದೆ. ಫ್ಯಾನಿನ ಕಂಟ್ರೋಲರ್ ಇದ್ದಿಲಿನ ಒಲೆಗೇ ಅಂಟಿಕೊಂಡಿರುವುದು ಆಕಸ್ಮಿಕವಲ್ಲ. ಹೊಗೆಯ ಘಮಕ್ಕೆಂದು ಕೆಂಡದ ನಡುವೆ ಎರಡು ಮೂರು ಮರದ ತುಂಡು ಇಡುವುದುಂಟು. ಆ ತುಂಡುಗಳು ಹೆಚ್ಚಾದಷ್ಟೂ ಕಂಟ್ರೋಲರ್ ತನಗೆ ಒಗ್ಗದ ಬೆಂಕಿಯನ್ನು ಆಳಬೇಕಾಗುತ್ತದೆ.

ಗಾಳಿ ಹಿಡಿದು ಬೆಂಕಿಯನ್ನು ಆಳುವ ಯೋಚನೆ ಎಲೆಕ್ಟ್ರಾನಿಕ್ಸ್‌ಗಿಂತ ಬಹಳ ಹಳೆಯದು. ಹದಿನೇಳನೇ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಡಚ್ಚರವನು ಕಾರ್ನೆಲಿಸ್ ಡ್ರೆಬ್ಬೆಲ್ ಮೊಟ್ಟೆ ಮರಿಮಾಡುವ ಪೆಟ್ಟಿಗೆಯೊಂದನ್ನು ಕಟ್ಟಿದ. ಅದರ ಕೆಳಗೆ ಬೆಂಕಿ, ಒಳಗೆ ಆಲ್ಕೋಹಾಲ್ ತುಂಬಿದ ಗಾಜಿನ ಪಾತ್ರೆ, ಅದಕ್ಕೆ ಸೇರಿದಂತೆ ಪಾದರಸದ ಕೊಳವೆ. ಬಿಸಿ ಏರಿದಾಗ ಆಲ್ಕೋಹಾಲ್ ಹಿಗ್ಗಿ ಪಾದರಸವನ್ನು ಮೇಲೆ ತಳ್ಳುತ್ತಿತ್ತು, ಪಾದರಸದ ಮೇಲೆ ತೇಲುವ ಕಡ್ಡಿ ಮೇಲೆದ್ದು ಬೆಂಕಿಯ ಗಾಳಿದಾರಿಯನ್ನು ಮುಚ್ಚುತ್ತಿತ್ತು. ತಣ್ಣಗಾದರೆ ಎಲ್ಲವೂ ಹಿಂದುಮುಂದಾಗಿ ಕಿಂಡಿ ತೆರೆದುಕೊಳ್ಳುತ್ತಿತ್ತು. ಅಳೆ, ಹೋಲಿಸು, ತಿದ್ದು, ಮತ್ತೆ ಅಳೆ ಎಂಬ ಸುತ್ತು ಅಲ್ಲಿ ಪೂರ್ತಿಯಾಗಿದೆ. ಉಗಿಯಂತ್ರದ ವೇಗ ಹಿಡಿದಿಡಲು ಜೇಮ್ಸ್ ವ್ಯಾಟ್ ಗವರ್ನರ್ ಅಳವಡಿಸಿದ್ದು 1788ರಲ್ಲಿ, ಡ್ರೆಬ್ಬೆಲ್ ತೀರಿಕೊಂಡು ಒಂದೂವರೆ ಶತಮಾನ ಕಳೆದ ಮೇಲೆ. ತನ್ನನ್ನು ತಾನೇ ತಿದ್ದಿಕೊಳ್ಳುವ ಯಂತ್ರಗಳಲ್ಲಿ ಮೊದಮೊದಲಿನ ಒಂದನ್ನು ಮನುಷ್ಯ ಬಳಸಿದ್ದು ಒಲೆ ಕಾಯಲಿಕ್ಕೆ ಎಂಬುದು ಅಡುಗೆಮನೆಯ ವಿಜ್ಞಾನವನ್ನು ಹಗುರವಾಗಿ ಕಾಣುವವರು ನೆನಪಿಡಬೇಕಾದ ಸಂಗತಿ.

ಹಾಗಾದರೆ ಕೈಯಿಂದಲೇ ಗಾಳಿಕಿಂಡಿ ತಿರುಗಿಸಿ ಶಾಖ ಹಿಡಿಯಲಾಗದೇ? ಹಿಡಿಯಬಹುದು, ಲಕ್ಷಾಂತರ ಜನ ಹಿಡಿಯುತ್ತಾರೆ. ಆದರೆ ಅವರು ಯಾವುದರ ಜೊತೆ ಗುದ್ದಾಡುತ್ತಿದ್ದಾರೆ ಎಂಬುದನ್ನು ಸಂಖ್ಯೆಗಳಲ್ಲಿ ನೋಡಬೇಕು. ಫ್ಯಾನಿಲ್ಲದ ಒಲೆಗೆ ಗಾಳಿ ಎಳೆಯುವುದು ಒಳಗಿನ ಬಿಸಿಗಾಳಿಯ ಹಗುರತನ. ಹೊರಗಿನ ಗಾಳಿ ಘನ ಮೀಟರಿಗೆ ಸುಮಾರು 1.17 ಕಿಲೋ ತೂಗಿದರೆ 110 ಡಿಗ್ರಿಯ ಗಾಳಿ 0.92 ಕಿಲೋ ತೂಗುತ್ತದೆ. ಕೆಳಗಿನ ಕಿಂಡಿಗೂ ಮೇಲಿನದಕ್ಕೂ ಅರ್ಧ ಮೀಟರ್ ಅಂತರವಿದ್ದರೆ ಈ ವ್ಯತ್ಯಾಸದಿಂದ ಹುಟ್ಟುವ ಒತ್ತಡ ಬರೀ 1.2 ಪಾಸ್ಕಲ್, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಎತ್ತರದ ನೀರಿನ ಭಾರ. ಗಂಟೆಗೆ 11 ಕಿಲೋಮೀಟರ್ ವೇಗದ ತಂಗಾಳಿ, ಎಲೆ ಅಲುಗಾಡಿಸುವಷ್ಟರ ಗಾಳಿ, ಎದುರಾದ ಕಿಂಡಿಯ ಮೇಲೆ ಹಾಕುವ ಒತ್ತಡ ಐದು ಪಾಸ್ಕಲ್‌ಗೂ ಹೆಚ್ಚು. ಒಲೆ ತಾನಾಗಿ ಎಳೆದುಕೊಳ್ಳುವುದರ ನಾಲ್ಕು ಪಟ್ಟು. ಗಾಳಿಯ ದಿಕ್ಕು ತುಸು ಬದಲಾದರೆ ಸಾಕು, ಒಂದು ಗಂಟೆ ತಿಣುಕಿ ಹದಕ್ಕೆ ತಂದ ಕಿಂಡಿ ಅಳತೆ ತಪ್ಪುತ್ತದೆ. ಇದ್ದಿಲು ಕರಗುತ್ತಾ ಬೂದಿ ಜಾಲರಿಯ ಕಣ್ಣುಗಳನ್ನು ಮುಚ್ಚುತ್ತದೆ, ಇರುಳಿಗೆ ಹೊರಗಿನ ಚಳಿ ಹೆಚ್ಚಿ ಒಲೆಯ ಮೈಯಿಂದ ಶಾಖ ಬೇಗ ಸೋರುತ್ತದೆ. ಸಂಜೆ ಸರಿಯಿದ್ದ ಕಿಂಡಿ ಬೆಳಗಿನ ಜಾವಕ್ಕೆ ಸರಿಯಿರುವುದಿಲ್ಲ. ಕಂಟ್ರೋಲರ್ ಬಳಸುವಾಗ ಮೇಲಿನ ಕಿಂಡಿಯನ್ನು ಸಣ್ಣ ಸೀಳಿನಷ್ಟೇ ಬಿಟ್ಟು, ಕೆಳಗೆ ಫ್ಯಾನಿನ ಬಾಯಿ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚುವುದು ಇದಕ್ಕೇ. ತಂಗಾಳಿಗೆ ಒಳಬರಲು ದಾರಿ ಕಿರಿದಾಗುತ್ತದೆ. ಫ್ಯಾನ್ ತನ್ನ ಒತ್ತಡದಿಂದ ಆ ಕಿರಿದಾರಿಯಲ್ಲೂ ಬೇಕಾದಷ್ಟು ಗಾಳಿ ನುಗ್ಗಿಸುತ್ತದೆ.

ಫ್ಯಾನನ್ನು ಯಾವಾಗ ಎಷ್ಟು ತಿರುಗಿಸಬೇಕು ಎಂಬುದರಲ್ಲಿ ಚಿಪ್ಪಿನ ಜಾಣತನವಿದೆ. ಕೇಳಿದ ಶಾಖಕ್ಕಿಂತ ಕೆಳಗಿದ್ದರೆ ಓಡು, ಮೇಲಿದ್ದರೆ ನಿಲ್ಲು ಎಂಬ ಸರಳ ನಿಯಮ ಇಲ್ಲಿ ಸೋಲುತ್ತದೆ. ಗಾಳಿ ಬಿದ್ದ ಕ್ಷಣಕ್ಕೆ ಕೆಂಡ ಕೆಂಪಾದರೂ ಆ ಬಿಸಿ ಪ್ರೋಬಿಗೆ ಮುಟ್ಟಲು ನಿಮಿಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಫ್ಯಾನ್ ಇನ್ನಷ್ಟು ಇದ್ದಿಲಿಗೆ ಬೆಂಕಿ ಹಚ್ಚಿರುತ್ತದೆ, ಶಾಖ ಗುರಿ ದಾಟಿ ಓಡುತ್ತದೆ. 1922ರಲ್ಲಿ ನಿಕೋಲಸ್ ಮಿನೋರ್ಸ್ಕಿ ಹಡಗುಗಳನ್ನು ತಾವಾಗಿ ನಡೆಸುವ ಬಗ್ಗೆ ಬರೆದ ಪ್ರಬಂಧದಲ್ಲಿ ಇದೇ ಬಗೆಯ ತೊಡಕನ್ನು ಬಿಡಿಸಿದ್ದಾರೆ. ಪಳಗಿದ ಚುಕ್ಕಾಣಿಗಾರ ಈಗ ಎಷ್ಟು ದಾರಿ ತಪ್ಪಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ. ಎಷ್ಟು ಹೊತ್ತಿನಿಂದ ತಪ್ಪುತ್ತಾ ಬಂದಿದೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನೂ ಕೂಡಿಸಿಕೊಂಡು ಚಕ್ರ ತಿರುಗಿಸುತ್ತಾನೆ. ಈಗಿನ ತಪ್ಪು, ಕೂಡಿಬಂದ ತಪ್ಪು, ಬದಲಾವಣೆಯ ವೇಗ, ಈ ಮೂರನ್ನೂ ತೂಗಿ ಆಜ್ಞೆ ಕೊಡುವ ಕ್ರಮಕ್ಕೆ ಇಂಜಿನಿಯರುಗಳು ಪಿಐಡಿ ಎನ್ನುತ್ತಾರೆ. ಒಲೆಯ ಪೆಟ್ಟಿಗೆಗಳಲ್ಲಿ ಬಹಳಷ್ಟು ಇದನ್ನೋ ಇದರ ಬಂಧುವನ್ನೋ ನಡೆಸುತ್ತವೆ. ಶಾಖ ಗುರಿಯ ಹತ್ತಿರ ಬರುತ್ತಿದ್ದಂತೆ ಫ್ಯಾನ್ ಹತ್ತು ಸೆಕೆಂಡಿನಲ್ಲಿ ಎರಡು ಸೆಕೆಂಡು ಮಾತ್ರ ಓಡಿ ಉಳಿದ ಹೊತ್ತು ಸುಮ್ಮನಿರುವುದನ್ನು ಕಿವಿಗೊಟ್ಟರೆ ಕೇಳಬಹುದು. ಮೂರರಲ್ಲಿ ನಮ್ಮ ಕೆಲಸಕ್ಕೆ ಅತಿ ಮುಖ್ಯವಾದದ್ದು ನಡುವಿನದು, ಕೂಡಿಬಂದ ತಪ್ಪಿನ ಲೆಕ್ಕ. ಬೂದಿ ಕಟ್ಟಿ ಶಾಖ ಎರಡು ಡಿಗ್ರಿ ಕೆಳಗೇ ನಿಂತಿದ್ದರೆ ಆ ಎರಡು ಡಿಗ್ರಿ ನಿಮಿಷ ನಿಮಿಷಕ್ಕೂ ಕೂಡುತ್ತಾ ಹೋಗಿ ಫ್ಯಾನನ್ನು ಹೆಚ್ಚು ಓಡಿಸುತ್ತದೆ. ಬೂದಿ ಕಟ್ಟಿದೆ ಎಂದು ಯಂತ್ರಕ್ಕೆ ಯಾರೂ ಹೇಳಬೇಕಿಲ್ಲ.

ಇಷ್ಟಾದರೂ ಈ ಚುಕ್ಕಾಣಿ ಒಂದೇ ಕಡೆಗೆ ತಿರುಗುತ್ತದೆ. ಕಂಟ್ರೋಲರ್ ಬಿಸಿ ಮಾಡಬಲ್ಲದು, ತಣಿಸಲಾರದು. ಶಾಖ ಮೇಲೆ ಹೋದರೆ ಫ್ಯಾನ್ ನಿಲ್ಲಿಸಿ ಕಾಯುವುದು ಬಿಟ್ಟು ಅದಕ್ಕೆ ಬೇರೆ ದಾರಿಯಿಲ್ಲ. ತೆಳು ತಗಡಿನ ಒಲೆಯಲ್ಲಿ ಈ ಕಾಯುವಿಕೆ ಸಣ್ಣದು. ಜಪಾನಿನ ಮೂಲದ, ಅಮೆರಿಕದಲ್ಲಿ ಬಿಗ್ ಗ್ರೀನ್ ಎಗ್ ಮುಂತಾದ ಹೆಸರಿನಲ್ಲಿ ಮನೆಮಾತಾದ ಕಮಾಡೊ ಎಂಬ ದಪ್ಪ ಸೆರಾಮಿಕ್ ಒಲೆಯಲ್ಲಿ ಹಾಗಲ್ಲ. ಎಪ್ಪತ್ತು ಕಿಲೋ ಸೆರಾಮಿಕ್ ಬೇಕಾದ್ದಕ್ಕಿಂತ 40 ಡಿಗ್ರಿ ಹೆಚ್ಚು ಕಾದಿದ್ದರೆ ಅದು ಹಿಡಿದಿಟ್ಟ ಹೆಚ್ಚುವರಿ ಶಾಖ ಎರಡೂವರೆ ಮೆಗಾಜೂಲ್. ಗೋಡೆಯಿಂದ ಅರ್ಧ ಕಿಲೋವ್ಯಾಟ್ ಸೋರಿದರೆ ಅದು ಬರಿದಾಗಲು ಗಂಟೆಗೂ ಮೀರಿ ಬೇಕು. ಆದ್ದರಿಂದ ಈ ಒಲೆಗಳನ್ನು ಕೆಳಗಿನಿಂದ ಮೇಲಕ್ಕೆ, ಅವಸರಪಡದೆ ಗುರಿಗೆ ಕರೆತರಬೇಕು. ಮೊದಲೇ ಧಗಧಗ ಉರಿಸಿ ಆಮೇಲೆ ಕಂಟ್ರೋಲರಿಗೆ ಒಪ್ಪಿಸಿದರೆ ಅದು ಅಸಹಾಯಕವಾಗಿ ನಿಂತಿರುತ್ತದೆ. ಅಷ್ಟೇ ಮುಖ್ಯವಾದದ್ದು ಸೋರಿಕೆ. ಮುಚ್ಚಳದ ಅಂಚಿನಲ್ಲೋ ಬೂದಿತಟ್ಟೆಯ ಬಾಗಿಲಲ್ಲೋ ಸಂದು ಬಿಟ್ಟಿದ್ದರೆ ಫ್ಯಾನ್ ನಿಂತ ಮೇಲೂ ಬೆಂಕಿಗೆ ಗಾಳಿ ಸಿಗುತ್ತಲೇ ಇರುತ್ತದೆ. ಆಗ ಬೆಂಕಿಯನ್ನು ಆಳುತ್ತಿರುವುದು ಆ ಸಂದು, ಪರದೆಯ ಮೇಲಿನ ಅಂಕಿಯಲ್ಲ. ಶಾಖ ಗುರಿಗಿಂತ ಮೇಲೇ ನಿಂತು ಫ್ಯಾನ್ ಗಂಟೆಗಟ್ಟಲೆ ಸೊನ್ನೆಯಲ್ಲಿದ್ದರೆ ದೂರಬೇಕಾದದ್ದು ಸಾಫ್ಟ್‌ವೇರನ್ನಲ್ಲ, ಹುಡುಕಬೇಕಾದದ್ದು ಸೋರಿಕೆಯನ್ನು.

ಮುಚ್ಚಳ ತೆರೆದಾಗ ನಡೆಯುವುದು ಇನ್ನೊಂದು ಬಗೆಯ ಎಡವಟ್ಟು. ತೆರೆದ ಕ್ಷಣ ಬಿಸಿಗಾಳಿ ಹಾರಿಹೋಗಿ ಪ್ರೋಬ್ 110ರಿಂದ 70ಕ್ಕೆ ಜಾರುತ್ತದೆ. ಬೆಂಕಿ ಸತ್ತಿತೆಂದು ಚಿಪ್ ಲೆಕ್ಕ ಹಾಕಿ ಫ್ಯಾನನ್ನು ಪೂರ್ತಿ ಓಡಿಸುತ್ತದೆ. ಮುಚ್ಚಳ ತೆರೆದಿರುವ ಕೆಂಡಕ್ಕೆ ಮೊದಲೇ ಬೇಕಾದಷ್ಟು ಗಾಳಿ ಸಿಕ್ಕಿರುತ್ತದೆ, ಈಗ ಕೆಳಗಿನಿಂದಲೂ ಊದಿದಂತಾಗುತ್ತದೆ. ಮುಚ್ಚಿದ ಮೇಲೆ ಶಾಖ 140ಕ್ಕೆ ಚಿಮ್ಮುತ್ತದೆ. ಅಷ್ಟರಲ್ಲಿ ಕೂಡಿಬಂದ ತಪ್ಪಿನ ಮೊತ್ತವೂ ಬೆಳೆದಿರುವುದರಿಂದ ಯಂತ್ರ ಸುಮ್ಮನಾಗಲು ತಡಮಾಡುತ್ತದೆ. ಒಳ್ಳೆಯ ಕಂಟ್ರೋಲರ್‌ಗಳು ಇಂಥ ಹಠಾತ್ ಕುಸಿತವನ್ನು ಮುಚ್ಚಳ ತೆರೆದ ಗುರುತೆಂದು ಹಿಡಿದು ಫ್ಯಾನನ್ನು ಸ್ವಲ್ಪ ಹೊತ್ತು ತಡೆಹಿಡಿಯುತ್ತವೆ. ಇಂಗಾಲ ಹೀಗೆ ಉರಿದರೆ ಶಾಖ ಹೀಗೆ ಇಳಿಯಲಾರದು ಎಂಬ ಭೌತಿಕ ಜ್ಞಾನವನ್ನು ನಾಲ್ಕು ಸಾಲಿನ ಪ್ರೋಗ್ರಾಮಿನಲ್ಲಿ ತುಂಬಿದ ಉದಾಹರಣೆಯಿದು.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಒಲೆಯ ಶಾಖ ಹತ್ತು ಡಿಗ್ರಿ ಆಚೀಚೆ ಆದರೆ ಮಾಂಸಕ್ಕೆ ಏನಾಗುತ್ತದೆ, ಇಷ್ಟು ಸರಂಜಾಮು ಯಾಕೆ ಎಂದು ಹಳಬರು ಕೇಳುತ್ತಾರೆ. ಅವರ ಮಾತಿನಲ್ಲಿ ಭೌತಶಾಸ್ತ್ರ ಇದೆ. ನೀರು ತುಂಬಿದ ಮಾಂಸದಲ್ಲಿ ಶಾಖ ಹರಡುವುದು ಬಹಳ ನಿಧಾನ. ಲೆಕ್ಕ ಹಾಕಿದರೆ, ಹತ್ತು ನಿಮಿಷಕ್ಕೊಮ್ಮೆ ಏರಿಳಿಯುವ ಶಾಖದ ಅಲೆ ಮಾಂಸದೊಳಗೆ ಅರ್ಧ ಸೆಂಟಿಮೀಟರ್ ಹೋಗುವಷ್ಟರಲ್ಲಿ ಮೂರನೇ ಒಂದರ ಆಸುಪಾಸಿಗೆ ಕುಗ್ಗಿರುತ್ತದೆ. ನಾಲ್ಕು ಸೆಂಟಿಮೀಟರ್ ಆಳದಲ್ಲಿ ಅದರ ಸುಳಿವೂ ಸಿಗದು. ಗಳಿಗೆ ಗಳಿಗೆಯ ಏರಿಳಿತವನ್ನು ಮಾಂಸವೇ ಸಮಗೊಳಿಸಿಬಿಡುತ್ತದೆ. ಹಾಗಾಗಿ ಒಂದು ಡಿಗ್ರಿಯೊಳಗೆ ಶಾಖ ಹಿಡಿಯುತ್ತೇವೆ ಎಂಬ ಜಾಹೀರಾತಿನ ಹೆಮ್ಮೆಗೆ ತಟ್ಟೆಯ ಮೇಲೆ ಬೆಲೆಯಿಲ್ಲ. ಆದರೆ ಇದೇ ಲೆಕ್ಕವನ್ನು ಮುಂದಕ್ಕೆ ಒಯ್ದರೆ ಹಳಬರ ವಾದ ಅಲ್ಲಿಗೇ ನಿಲ್ಲುತ್ತದೆ. ಅಲೆ ಎಷ್ಟು ನಿಧಾನವೋ ಅಷ್ಟು ಆಳಕ್ಕೆ ಇಳಿಯುತ್ತದೆ. ಆರು ಗಂಟೆಯ ಏರಿಳಿತ ಮೂರು ಸೆಂಟಿಮೀಟರ್ ಒಳಗೆ ಹೊಗುತ್ತದೆ, ಅಂದರೆ ಇಡೀ ಬ್ರಿಸ್ಕೆಟ್ಟಿನ ಒಡಲಿಗೆ. ಮಧ್ಯರಾತ್ರಿಯಿಂದ ನಸುಕಿನ ತನಕ ಬೆಂಕಿ ಮೆಲ್ಲಗೆ 80ಕ್ಕೆ ಇಳಿದರೆ, ಅಥವಾ 150ಕ್ಕೆ ಏರಿ ನಿಂತರೆ, ಅದನ್ನು ಸಮಗೊಳಿಸುವ ಶಕ್ತಿ ಮಾಂಸಕ್ಕಿಲ್ಲ. ಕಂಟ್ರೋಲರಿನ ನಿಜವಾದ ಕೊಡುಗೆ ಈ ನಿಧಾನದ ಜಾರುವಿಕೆಯನ್ನು ತಡೆಯುವುದು. ಅದು ಕೊಡುವುದು ಗಂಟೆಗಳ ಸರಾಸರಿಯ ಭರವಸೆ, ಮನುಷ್ಯ ನಿದ್ದೆ ಮಾಡುವ ಗಂಟೆಗಳೂ ಸೇರಿ.

ಮಾಂಸದ ಒಳಗಿನ ಶಾಖ 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ಗಂಟೆಗಟ್ಟಲೆ ನಿಂತುಬಿಡುವ ಹಂತದಲ್ಲಿ ಈ ಭರವಸೆ ಹೆಚ್ಚು ಬೇಕಾಗುತ್ತದೆ. ಬಾರ್ಬೆಕ್ಯೂ ಮಾಡುವವರು ಇದನ್ನು ಸ್ಟಾಲ್ ಎನ್ನುತ್ತಾರೆ. ಕೊಬ್ಬು ಕರಗುವುದರಿಂದ ಹೀಗಾಗುತ್ತದೆ, ಕೊಲಾಜನ್ ಕರಗುವುದರಿಂದ ಹೀಗಾಗುತ್ತದೆ ಎಂದು ಬಹಳ ಕಾಲ ನಂಬಿದ್ದರು. ಅಮೆರಿಕದ ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ಕೊಬ್ಬೂ ಕೊಲಾಜನ್ನೂ ಇಲ್ಲದ ಒದ್ದೆ ಸ್ಪಂಜನ್ನು ಒಲೆಯಲ್ಲಿಟ್ಟು, ಅದರ ಶಾಖವೂ ಅದೇ ರೀತಿ ನಿಲ್ಲುವುದನ್ನು ತೋರಿಸಿದರು. ಮೈಮೇಲಿನ ನೀರು ಆವಿಯಾಗುತ್ತಾ ಬಂದ ಶಾಖವನ್ನೆಲ್ಲ ಕೊಂಡೊಯ್ಯುತ್ತದೆ. ಬೆವರು ನಮ್ಮನ್ನು ತಣಿಸುವ ನಿಯಮವೇ ಇಲ್ಲೂ ನಡೆಯುತ್ತದೆ. ಹೊಸಬರು ಗಾಬರಿಯಾಗಿ ಬೆಂಕಿ ಕೆದಕುವುದು ಆಗಲೇ. ಕಂಟ್ರೋಲರಿಗೆ ಗಾಬರಿಯಿಲ್ಲ, ಆವಿ ಕಸಿದ ಶಾಖಕ್ಕೆ ತಕ್ಕ ಗಾಳಿ ಸೇರಿಸಿ ಒಲೆಯನ್ನು ಇದ್ದಲ್ಲೇ ಇಡುತ್ತದೆ.

ಇದರಿಂದ ಕೈಚಳಕ ಸಾಯುತ್ತದೆ ಎಂಬ ಮಾತೂ ಇದೆ. ಆ ಅಳುಕನ್ನು ತಳ್ಳಿಹಾಕುವಂತಿಲ್ಲ, ಬೆಂಕಿಯ ಬಣ್ಣ ನೋಡಿ ಶಾಖ ಹೇಳುವ ಕಣ್ಣು ನಿಜವಾಗಿಯೂ ಒಂದು ವಿದ್ಯೆ. ಆದರೆ ಕಂಟ್ರೋಲರ್ ಕಸಿಯುವುದು ಆ ವಿದ್ಯೆಯ ಒಂದು ಎಳೆಯನ್ನು ಮಾತ್ರ, ತಂಗಾಳಿಗೆ ತಕ್ಕಂತೆ ಕಿಂಡಿ ತಿರುಗಿಸುವ ಎಳೆಯನ್ನು. ಇದ್ದಿಲನ್ನು ಹೇಗೆ ಜೋಡಿಸಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಹೊತ್ತದ ಇದ್ದಿಲು ತುಂಬಿ ಅದರ ನೆತ್ತಿಯ ಮೇಲೆ ಹತ್ತಿಪ್ಪತ್ತು ಕೆಂಡ ಮಾತ್ರ ಇಟ್ಟು, ಬೆಂಕಿ ಮೇಲಿನಿಂದ ಕೆಳಗೆ ಮೆಲ್ಲಗೆ ಹರಡುವಂತೆ ಮಾಡುವ ಕ್ರಮ ಮನುಷ್ಯ ಕಂಡುಕೊಂಡದ್ದು; ರಾಶಿಯೆಲ್ಲ ಒಟ್ಟಿಗೆ ಹೊತ್ತಿದ್ದರೆ ಫ್ಯಾನ್ ಏನೂ ಮಾಡಲಾಗದು. ಯಾವ ಮರದ ಹೊಗೆ, ಯಾವಾಗ ತೆಗೆಯಬೇಕು, ಎಷ್ಟು ಹೊತ್ತು ಹಾಗೇ ಬಿಟ್ಟು ಕತ್ತರಿಸಬೇಕು, ಇವೆಲ್ಲ ಮನುಷ್ಯನ ಪಾಲಿಗೇ ಉಳಿದಿವೆ. ಸ್ಪರ್ಧೆಗಳನ್ನು ನಡೆಸುವ ಕಾನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ ನಿಯಮಗಳೂ ಹೀಗೆಯೇ ಗೆರೆ ಎಳೆದಿವೆ: ಅಡುಗೆಗೆ ಗ್ಯಾಸಿನ, ವಿದ್ಯುತ್ತಿನ ಶಾಖ ಸಲ್ಲದು, ಬೆಂಕಿ ಸೌದೆ, ಮರದ ಪೆಲೆಟ್ ಅಥವಾ ಇದ್ದಿಲಿನದ್ದೇ ಆಗಿರಬೇಕು, ಗಾಳಿ ಊದುವ ವಿದ್ಯುತ್ ಉಪಕರಣಕ್ಕೆ ಅಡ್ಡಿಯಿಲ್ಲ. ಶಾಖ ಎಲ್ಲಿಂದ ಬರುತ್ತದೆ ಎಂಬುದಕ್ಕೂ ಗಾಳಿಯನ್ನು ಯಾರು ಅಳೆಯುತ್ತಾರೆ ಎಂಬುದಕ್ಕೂ ಇರುವ ವ್ಯತ್ಯಾಸ ಅವರಿಗೆ ಸ್ಪಷ್ಟವಾಗಿದೆ. ಶಾಖ ಅಷ್ಟು ಹದದಲ್ಲಿ ಬೇಕಿದ್ದರೆ ವಿದ್ಯುತ್ ಓವನ್ನಿನಲ್ಲೇ ಬೇಯಿಸಬಹುದಲ್ಲ ಎನ್ನುವವರಿಗೂ ಉತ್ತರ ಈ ಗೆರೆಯಲ್ಲೇ ಇದೆ. ಕೆಂಡ ಶಾಖದ ಜೊತೆಗೆ ಅನಿಲಗಳನ್ನೂ ಕೊಡುತ್ತದೆ. ಅದರಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸದ ಮಯೋಗ್ಲೋಬಿನ್ ಜೊತೆ ಸೇರಿ ಅಂಚಿನಲ್ಲಿ ಗುಲಾಬಿ ಬಣ್ಣದ ಪಟ್ಟಿ ಮೂಡಿಸುತ್ತದೆ, ಮರದ ತುಂಡಿನ ಹೊಗೆ ಒದ್ದೆ ಮೈಮೇಲೆ ಕೂತು ರುಚಿಯಾಗುತ್ತದೆ. ಓವನ್ನಿನ ತಂತಿಯಿಂದ ಇವು ಬರುವುದಿಲ್ಲ.

ಗಾಳಿಯನ್ನು ಅಳೆದು ಕೊಟ್ಟರೆ ಬೆಂಕಿ ಮಾತು ಕೇಳುತ್ತದೆ ಎಂಬ ತತ್ವ ಮೋಜಿನ ಅಡುಗೆಗೆ ಮಾತ್ರ ಸೀಮಿತವಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಹನ ವಿಜ್ಞಾನಿಗಳು ಹಳ್ಳಿಯ ಮನೆಗಳಿಗೆಂದು ರೂಪಿಸಿದ ಊರ್ಜಾ ಒಲೆಯಲ್ಲೂ ಒಂದು ಪುಟ್ಟ ಫ್ಯಾನ್ ಇತ್ತು, ಚಾರ್ಜ್ ಮಾಡಬಹುದಾದ ಬ್ಯಾಟರಿಯಿಂದ ಓಡುವಂಥದ್ದು. ಕೃಷಿ ತ್ಯಾಜ್ಯದಿಂದ ಮಾಡಿದ ಪೆಲೆಟ್‌ಗಳಿಗೆ ಕೆಳಗಿನಿಂದ ಸ್ವಲ್ಪ ಗಾಳಿ ಕೊಟ್ಟು ಅನಿಲವಾಗಿಸಿ, ಮೇಲೆ ಇನ್ನಷ್ಟು ಗಾಳಿ ಕೊಟ್ಟು ಆ ಅನಿಲವನ್ನು ಶುದ್ಧವಾಗಿ ಉರಿಸುವುದು ಅದರ ಕ್ರಮ. ಫ್ಯಾನಿನ ವೇಗ ಬದಲಿಸಿದರೆ ಉರಿ ಬದಲಾಗುತ್ತಿತ್ತು. ಅಲ್ಲಿ ಶಾಖ ಓದುವ ಪ್ರೋಬ್ ಇರಲಿಲ್ಲ, ಅಡುಗೆ ಮಾಡುವವರ ಕಣ್ಣೇ ಪ್ರೋಬ್. ಹೊಗೆಯಿಲ್ಲದ ಒಲೆಯ ಹುಡುಕಾಟವನ್ನೂ ಹಿತ್ತಲಿನ ಬಾರ್ಬೆಕ್ಯೂವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಹೆಂಗಸರ ಶ್ವಾಸಕೋಶದ ಪ್ರಶ್ನೆ ಮೊದಲನೆಯದು. ಆದರೆ ಎರಡರ ರಸಾಯನಶಾಸ್ತ್ರ ಒಂದೇ.

ಇಷ್ಟೆಲ್ಲ ವ್ಯವಸ್ಥೆ ಕೊನೆಗೆ ನಿಂತಿರುವುದು ಬೆರಳುದ್ದದ ಪ್ರೋಬಿನ ಮೇಲೆ. ಬಹಳಷ್ಟು ಪ್ರೋಬುಗಳ ತುದಿಯಲ್ಲಿರುವುದು ಥರ್ಮಿಸ್ಟರ್, ಬಿಸಿಯಾದಷ್ಟೂ ವಿದ್ಯುತ್ ರೋಧ ಕಡಿಮೆಯಾಗುವ ಪುಟ್ಟ ಮಣಿ. ಉದಾಹರಣೆಗೆ 25 ಡಿಗ್ರಿಯಲ್ಲಿ ಒಂದು ಲಕ್ಷ ಓಮ್ ಇರುವಂಥದ್ದು 110 ಡಿಗ್ರಿಯಲ್ಲಿ ಐದಾರು ಸಾವಿರಕ್ಕೆ ಇಳಿಯುತ್ತದೆ. ಅದನ್ನು ಮಾಂಸದ ಪಕ್ಕಕ್ಕೇ ಅಂಟಿಸಿಟ್ಟರೆ ತಣ್ಣನೆಯ ಮಾಂಸದ ಸುತ್ತಲಿನ ತಂಪು ಗಾಳಿಯನ್ನು ಓದುತ್ತದೆ, ಚಿಪ್ ಬೆಂಕಿ ಹೆಚ್ಚಿಸುತ್ತದೆ. ಕೆಂಡದ ನೇರಕ್ಕೆ ಇಟ್ಟರೆ ಇದರ ತಿರುಗುಮುರುಗು. ಜಾಲರಿಯ ಮಟ್ಟದಲ್ಲಿ, ಮಾಂಸದಿಂದ ನಾಲ್ಕು ಬೆರಳು ದೂರ, ಕೆಂಡದ ಝಳ ನೇರ ತಾಗದ ಕಡೆ ಅದರ ಜಾಗ. ಮುಚ್ಚಳದ ಮೇಲಿನ ಗಡಿಯಾರದಂಥ ಥರ್ಮಾಮೀಟರ್ ಬೇರೆ ಅಂಕಿ ತೋರಿಸಿದರೆ ಅದು ಬೇರೆ ಜಾಗದ ಶಾಖ, ಎರಡೂ ಸರಿಯಿರಬಹುದು. ವೈರು ಮುರಿದರೆ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು. ಮುರಿದ ವೈರಿನ ರೋಧ ಅಪಾರ, ಥರ್ಮಿಸ್ಟರಿನ ಭಾಷೆಯಲ್ಲಿ ಅಪಾರ ರೋಧ ಎಂದರೆ ಕೊರೆಯುವ ಚಳಿ. ದಡ್ಡ ಪ್ರೋಗ್ರಾಮು ಇದನ್ನು ನಂಬಿ ಫ್ಯಾನನ್ನು ಪೂರ್ತಿ ಬಿಟ್ಟರೆ ಹಿತ್ತಲಲ್ಲಿ ಕುಲುಮೆಯೇ ಎದ್ದು ನಿಲ್ಲುತ್ತದೆ. ಅಸಾಧ್ಯವಾದ ಅಂಕಿ ಬಂದರೆ ಫ್ಯಾನ್ ನಿಲ್ಲಿಸಿ ಕೂಗಬೇಕು ಎಂಬ ನಿಯಮವಿಲ್ಲದ ಕಂಟ್ರೋಲರನ್ನು ರಾತ್ರಿ ಕಾವಲಿಗೆ ಬಿಡಬಾರದು. ಕರೆಂಟು ಹೋದರೆ ಮಾತ್ರ ಭಯವಿಲ್ಲ. ಬಿಗಿಯಾಗಿ ಮುಚ್ಚಿದ ಒಲೆಯಲ್ಲಿ ಫ್ಯಾನ್ ನಿಂತರೆ ಕೆಂಡ ಮೆಲ್ಲಗೆ ಮಂಕಾಗುತ್ತದೆ, ಅಡುಗೆ ಕೆಡಬಹುದು, ಮನೆ ಸುಡುವುದಿಲ್ಲ.

ಅಡುಗೆ ಮುಗಿದ ಮೇಲೆ ಕಂಟ್ರೋಲರಿನ ಸ್ವಿಚ್ ಆರಿಸಿದರೆ ಸಾಲದು. ಫ್ಯಾನಿನ ಬಾಯಿ ತೆರೆದಿದ್ದರೆ ಅದರ ಮೂಲಕ ಒಲೆ ತಾನೇ ಗಾಳಿ ಎಳೆದುಕೊಂಡು ಉಳಿದ ಇದ್ದಿಲನ್ನೆಲ್ಲ ಸುಟ್ಟು ಮುಗಿಸುತ್ತದೆ. ಫ್ಯಾನಿನ ಮುಂದಿನ ಜಾರುಬಾಗಿಲು ಮುಚ್ಚಿ, ಮೇಲಿನ ಕಿಂಡಿಯನ್ನೂ ಮುಚ್ಚಿದರೆ ಕೆಂಡ ನಂದಿ, ಅರ್ಧ ಉರಿದ ಇದ್ದಿಲು ಮುಂದಿನ ಸಲಕ್ಕೆ ಉಳಿಯುತ್ತದೆ. ಈ ನಂದುವ ಹೊತ್ತೇ ಹೆಚ್ಚು ಎಚ್ಚರದ ಹೊತ್ತು. ಆಮ್ಲಜನಕ ಸಾಲದ ಕೆಂಡ ಇಂಗಾಲದ ಡೈಆಕ್ಸೈಡ್‌ನ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ; ಆಗಲೇ ಹುಟ್ಟಿದ ಡೈಆಕ್ಸೈಡ್ ಕೂಡ ಬಿಸಿ ಇಂಗಾಲವನ್ನು ಹಾದು ಬರುವಾಗ ಮೊನಾಕ್ಸೈಡ್ ಆಗಿ ಮಾರ್ಪಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗಾಳಿ ಕಡಿಮೆ ಕೊಟ್ಟು ಆಳುವ ಒಲೆ ರಾತ್ರಿಯಿಡೀ ಈ ಅನಿಲವನ್ನು ಬಿಡುತ್ತಿರುತ್ತದೆ ಎಂಬುದು ಕಂಟ್ರೋಲರಿನ ಕೆಲಸದ ಕ್ರಮದಲ್ಲೇ ಅಡಗಿರುವ ಸಂಗತಿ. ಮಳೆ ಬಂತೆಂದು ಒಲೆಯನ್ನು ಗ್ಯಾರೇಜಿನೊಳಗೆ ತಳ್ಳುವುದು, ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಇಡುವುದು, ಆರಿತೆಂದುಕೊಂಡು ಮನೆಯೊಳಗೆ ತರುವುದು ಜೀವಕ್ಕೇ ಕುತ್ತು. ಬೂದಿ ಪೂರ್ತಿ ತಣ್ಣಗಾಗಲು ಒಂದು ದಿನ ಹಿಡಿಯಬಹುದು, ಅಷ್ಟೂ ಹೊತ್ತು ಒಲೆ ಬಯಲಲ್ಲೇ ಇರಬೇಕು.